ಅರ್ಧ ಗಂಟೆಯ ಬಂದೂಕು

ಪುಷ್ಯ ಮಾಸದ ಮೊದಲ ವಾರ. ರಾಗಿ ಒಕ್ಕಣೆ ಅರ್ಧ ಮುಗಿದಿತ್ತು. ಕಣದ ಮೇಲಿನ ಮಂಜು ಏಳುವುದಕ್ಕೆ ಎಂಟು ಗಂಟೆಯಾಗುತ್ತಿತ್ತು. ಅಲ್ಲಿಯವರೆಗೆ ತೆನೆ ಒದ್ದೆ ಇರುತ್ತಿದ್ದುದರಿಂದ ಅದರ ಮೇಲೆ ಉರುಳಿಸುವ ರೋಣಗಲ್ಲಿಗೆ ಎತ್ತು ಹೂಡುವಂತಿರಲಿಲ್ಲ. ಆ ಬಿಡುವಿನಲ್ಲೇ ನಾನು ಗೋಣಿಚೀಲ ಹೆಗಲಿಗೆ ಹಾಕಿಕೊಂಡು ಮನೆಮನೆ ಸುತ್ತುತ್ತಿದ್ದೆ. ಒಂದೊಂದು ಬಾಗಿಲ ಮುಂದೆಯೂ ನಿಂತು, "ಏನಾರ ಮುಗಿದಿದ್ದೈತಾ?" ಎಂದು ಕೂಗುವುದು ನಮ್ಮೂರಿನ ಪದ್ಧತಿ. ಮನೆಯವರು ಒಳಗೆ ಹೋಗಿ ಹುಡುಕುತ್ತಾರೆ. ಕೆಟ್ಟ ಟಾರ್ಚು, ಹಲ್ಲು ಮುರಿದ ಗಡಿಯಾರದ ಚಕ್ರ, ಔಷಧಿ ಹೊಡೆಯುವ ಪಂಪಿನ ಮೂತಿ, ಟಿ.ವಿ. ರಿಮೋಟಿನ ರಬ್ಬರು ಗುಂಡಿಗಳು, ಏನು ಸಿಕ್ಕಿದರೂ ಬಲಗೈಯಲ್ಲಿ ಹಿಡಿದುಕೊಂಡು ಬಂದು, "ಇದ್ರ ಕೆಲಸ ಮುಗೀತು, ತಗೋ" ಎಂದು ಹೇಳಿ ಕೊಡಬೇಕು. ತೆಗೆದುಕೊಳ್ಳುವವನೂ ಬಲಗೈಯಲ್ಲೇ ತೆಗೆದುಕೊಳ್ಳಬೇಕು. ಆ ಮಾತು ಆಗದ ಹೊರತು ತಿಪ್ಪೆಯಲ್ಲಿ ಬಿದ್ದ ತುಕ್ಕು ಹಿಡಿದ ಮೊಳೆಯನ್ನೂ ಮುಟ್ಟುವಂತಿಲ್ಲ. ವಸ್ತು ಸತ್ತಿದೆಯೋ ಇಲ್ಲವೋ ಎಂದು ಹೇಳುವ ಹಕ್ಕು ಅದರ ಒಡೆಯನಿಗೆ ಮಾತ್ರ.

ಈ ಸಾಮಾನೆಲ್ಲ ಬಂದೂಕುಗಳಿಗೆ. ಪುಷ್ಯದ ಅಮಾವಾಸ್ಯೆ ಕಳೆದ ಮರುದಿನ ನಡುಮಧ್ಯಾಹ್ನ ನಮ್ಮೂರಿನ ಕಣಕ್ಕೆ ಆಕಾಶದಿಂದ, ನಾವು ನೋಡುವವರು ಎಂದು ಕರೆಯುವ ಮಂದಿ ಇಳಿಯುತ್ತಾರೆ. ಅವರು ಬರುವ ವಾಹನ ನನ್ನ ಕಣ್ಣಿಗೆ ಬೋರಲು ಹಾಕಿದ ಬೆಲ್ಲದ ಕೊಪ್ಪರಿಗೆಯ ಹಾಗೆ ಕಂಡಿದೆ. ಬೇರೆಯವರು ಬೇರೆ ಏನೇನೋ ಹೇಳುತ್ತಾರೆ. ಇಳಿದವರು ತಲೆಯಿಂದ ಕಾಲಿನವರೆಗೆ ಕಂಬಳಿಕೊಪ್ಪೆ ಹಾಕಿದವರಂತೆ ಉದ್ದಕ್ಕೆ ಇರುತ್ತಾರೆ, ಮಾತಾಡುವುದಿಲ್ಲ. ಮನೆಗೊಬ್ಬರಂತೆ ನಾವು ಸಾಲಾಗಿ ನಿಂತು ಕೈಯಲ್ಲಿ ಒಂದೊಂದು ಆಯುಧ ಹಿಡಿದಿರಬೇಕು. ಕತ್ತಿ ಕುಡುಗೋಲಾದರೆ ಅವರು ತಿರುಗಿಯೂ ನೋಡುವುದಿಲ್ಲ. ಆಯುಧ ಮುಂದೆಂದೋ ಬರಲಿರುವ ಕಾಲದ್ದಾಗಿರಬೇಕು, ಯಾರೂ ಕಂಡಿಲ್ಲದ್ದಾಗಿರಬೇಕು. ಅದು ಸುಡಬೇಕಾಗಿಲ್ಲ. ಸುಟ್ಟರೂ ಸುಡಬಹುದು ಅನ್ನಿಸಬೇಕು, ಅಷ್ಟೆ. ನೋಡುವವರು ಒಂದೊಂದರ ಮುಂದೆಯೂ ನಿಂತು ನೋಡುತ್ತಾರೆ. ಚೆನ್ನಾಗಿದ್ದರೆ ಹೆಚ್ಚು ಹೊತ್ತು ನಿಲ್ಲುತ್ತಾರೆ. ಸಾಲಿನಲ್ಲಿ ಯಾವುದು ತೀರಾ ಸಪ್ಪೆ ಅನ್ನಿಸಿತೋ ಆ ಮನೆಯಿಂದ ಏನಾದರೂ ಒಂದನ್ನು ಒಂದು ವರ್ಷದ ಮಟ್ಟಿಗೆ ಒಯ್ಯುತ್ತಾರೆ.

ದೊಡ್ಡದೇನೂ ಒಯ್ಯುವುದಿಲ್ಲ. ಮೇಷ್ಟ್ರ ಮನೆಯಿಂದ ಒಂದು ಸಲ ಗುರುವಾರಗಳನ್ನು ಒಯ್ದರು. ಬುಧವಾರ ರಾತ್ರಿ ಮಲಗಿದವರು ಎದ್ದರೆ ಶುಕ್ರವಾರ. ಆ ವರ್ಷವೆಲ್ಲ ಗುರುವಾರ ಅವರ ಹಸುವಿನ ಹಾಲು ಕರೆಯುವುದು ಪಕ್ಕದ ಮನೆಯವರ ಪಾಳಿಯಾಗಿತ್ತು. ಗುಜರಿ ಅಂಗಡಿಯ ಗೌಸ್ ಸಾಬರ ಮನೆಯವರಿಗೆ ಒಂದು ವರ್ಷ ಎಡ ಯಾವುದು ಬಲ ಯಾವುದು ತಿಳಿಯಲಿಲ್ಲ. ಎದುರು ಮನೆಯವರು ಅವರ ಬಲಗಾಲಿನ ಚಪ್ಪಲಿಗೆಲ್ಲ ಕೆಂಪು ದಾರ ಕಟ್ಟಿಕೊಟ್ಟರು. ಹೋದದ್ದನ್ನು ನೆರೆಯವರು ಹೀಗೆ ತುಂಬಿಕೊಡುತ್ತಾರೆ, ವರ್ಷ ಕಳೆಯುತ್ತದೆ.

ನಾನು ಪಂಪ್‌ಸೆಟ್ ರಿಪೇರಿಯವನು. ಹೆಸರು ಚನ್ನಿಗಪ್ಪ. ಹನ್ನೊಂದು ವರ್ಷದಿಂದ ನಮ್ಮ ಬೀದಿಯ ಆರೇಳು ಮನೆಗಳ ಬಂದೂಕು ನನ್ನ ಕೈಯಲ್ಲೇ ಆಗುತ್ತಿತ್ತು. ಪಿ.ವಿ.ಸಿ. ಪೈಪು ಕೊಯ್ದು ನಳಿಗೆ ಮಾಡಿ, ಬೋರ್‌ವೆಲ್ಲಿನ ಮುರಿದ ಕೈಹಿಡಿಯನ್ನು ಹಿಡಿಯಾಗಿ ಜೋಡಿಸಿ, ಮೇಲೆ ಈ ಚಿಲ್ಲರೆ ಸಾಮಾನು ಅಂಟಿಸುತ್ತಾ ಹೋಗುವುದು. ಅಂಟಿಸುವುದರಲ್ಲೇ ಇರುವುದು ಕೆಲಸ. ಕುಕ್ಕರಿನ ಸೀಟಿಯನ್ನು ನೆಟ್ಟಗೆ ನಿಲ್ಲಿಸಿದರೆ ಅದು ಕುಕ್ಕರಿನ ಸೀಟಿಯೇ. ಅಡ್ಡ ಮಲಗಿಸಿ, ಪಕ್ಕದಲ್ಲಿ ಎರಡು ಸ್ಪಾರ್ಕ್ ಪ್ಲಗ್ ಕೂರಿಸಿ, ಗಡಿಯಾರದ ಚಕ್ರ ಅರ್ಧ ಮುಚ್ಚುವಂತೆ ಇಟ್ಟು, ಮೇಲೊಂದು ಕೈ ಬೆಳ್ಳಿಬಣ್ಣ ಹೊಡೆದರೆ ಅದು ಯಾರಿಗೂ ಗೊತ್ತಿಲ್ಲದ ಯಾವುದೋ ಆಗುತ್ತದೆ. ನೋಡಿದವರಿಗೆ, ಇದು ಮೊದಲು ಏನಾಗಿತ್ತು ಎಂಬುದು ಹೊಳೆಯಬಾರದು. ಹೊಳೆಯಿತೋ, ಬಂದೂಕು ಸತ್ತ ಹಾಗೆ.

ನಮ್ಮ ಹಿತ್ತಲಿಗೆ ಹೊಂದಿಕೊಂಡ ಮನೆ ಹೊಂಬಾಳಮ್ಮನದು. ನನಗೆ ಸಂಬಂಧವೇನಲ್ಲ, ಬಾಯಿಮಾತಿಗೆ ಅತ್ತೆ. ಊರಿಗೆಲ್ಲ ಉಪ್ಪಿನಕಾಯಿ ಹಾಕುವವರು ಅವರೇ. ಪುಷ್ಯದಲ್ಲಿ ನೆಲ್ಲಿ, ಮಾಘದಲ್ಲಿ ಹೇರಳೆ, ಚೈತ್ರಕ್ಕೆ ಮಾವು. ಅಳತೆಯ ಪಾವು ಸೇರು ಏನೂ ಇಟ್ಟವರಲ್ಲ. ಹೋಳು ಕಲಸುತ್ತಾ ಕಲಸುತ್ತಾ ಬೆರಳ ತುದಿ ನಾಲಗೆಗೆ ಮುಟ್ಟಿಸಿ, "ಇನ್ನೊಂದು ಚಿಟಿಕೆ" ಎನ್ನುವರು, ಹಾಕುವರು, ಮುಗಿಯಿತು. ಆ ನಾಲಗೆಯ ಮೇಲೆ ಅವರ ಬದುಕು ನಡೆದಿತ್ತು. ಬೆರಳು ನಡುಗುತ್ತಿದ್ದುದರಿಂದ ಬಂದೂಕು ಅಂಟಿಸುವುದು ಅವರ ಕೈಲಿ ಆಗುತ್ತಿರಲಿಲ್ಲ. ಅದನ್ನು ನಾನು ಮಾಡಿಕೊಡುತ್ತಿದ್ದೆ. ಅದಕ್ಕೆ ಪ್ರತಿಯಾಗಿ ಪ್ರತಿವರ್ಷ ಒಂದು ಭರಣಿ ನೆಲ್ಲಿ ಉಪ್ಪಿನಕಾಯಿ ನಮ್ಮ ಮನೆಗೆ ಮುಂಚಿತವಾಗಿ ಬರುತ್ತಿತ್ತು. ಈ ಸಲವೂ ಬಂದಿತ್ತು.

ಅವರ ಮನೆಯಲ್ಲೊಂದು ಹಳೆಯ ರೇಡಿಯೋ ಇತ್ತು, ಮರದ ಪೆಟ್ಟಿಗೆಯದು. ಅದರ ಮುಂಭಾಗದಲ್ಲಿ ಗಾಜಿನ ಹಿಂದೆ ಹಾಲು ಕುಡಿಯುವ ಲೋಟದ ತಳದಷ್ಟು ದೊಡ್ಡ ಒಂದು ಹಸಿರು ಕಣ್ಣು. ಸ್ವಿಚ್ಚು ಹಾಕಿದರೆ ಆ ಕಣ್ಣು ನಿಧಾನವಾಗಿ ಬೆಳಗಿ, ಬೆಕ್ಕಿನ ಕಣ್ಣಿನ ಹಾಗೆ ಸಣ್ಣದಾಗಿ ದೊಡ್ಡದಾಗಿ ಆಗುತ್ತಿತ್ತು. ಹನ್ನೆರಡು ವರ್ಷದಿಂದ ಅದರಲ್ಲಿ ಯಾವ ಸ್ಟೇಷನ್ನೂ ಬರುತ್ತಿರಲಿಲ್ಲ. ಬರೀ ಹುಳಿ ಸಾರು ಕುದಿಯುವಂಥ ಸದ್ದು. ಅತ್ತೆ ಮಾತ್ರ ಮಧ್ಯಾಹ್ನ ಊಟವಾದ ಮೇಲೆ ಅದನ್ನು ಹಾಕಿಕೊಂಡು ಎದುರಿಗೆ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು.

ಆ ಕಣ್ಣನ್ನು ನಾನು ಮೂರು ಸಲ ಕೇಳಿದ್ದೆ.

"ಅತ್ತೆ, ಆ ರೇಡಿಯೋ ಮುಗಿದಂಗಲ್ವಾ? ಮಾತೇ ಆಡಲ್ಲ."

"ಮಾತಾಡ್ದೆ ಇದ್ರೆ ಸತ್ತಂಗೇನ್ಲಾ? ನಿಮ್ಮಾವ ಕಡೇ ಎರಡು ವರ್ಷ ಮಾತಾಡ್ನಿಲ್ಲ, ಮುಗೀತು ತಗೋ ಅಂತ ನಿನ್ ಕೈಗೆ ಕೊಟ್ನಾ?" ಎಂದು ನಗುತ್ತಿದ್ದರು. "ಕಣ್ಣು ಬಿಡ್ತದಲ್ಲ, ಅಷ್ಟು ಸಾಕು ನಂಗೆ. ನಾನು ಎದುರಿಗೆ ಕೂತಿವ್ನಿ ಅಂತ ಅದಕ್ಕಾದ್ರೂ ಗೊತ್ತಾಯ್ತದೆ."

ನಾನು ಏಕೆ ಅಷ್ಟು ಆಸೆಪಟ್ಟೆನೆಂದು ಈಗ ಹೇಳಲು ಹೊರಟರೆ ನಾಚಿಕೆಯಾಗುತ್ತದೆ. ಹನ್ನೊಂದು ವರ್ಷದಲ್ಲಿ ನೋಡುವವರು ನನ್ನ ಮುಂದೆ ಒಮ್ಮೆಯೂ ಹೆಚ್ಚು ಹೊತ್ತು ನಿಂತಿರಲಿಲ್ಲ. ಕುಲುಮೆಯ ಕೆಂಚಾಚಾರಿಯ ಮುಂದೆ ನಿಲ್ಲುತ್ತಿದ್ದರು. ನಿಂತರೆ ಏನೂ ಸಿಗುವುದಿಲ್ಲ. ಹಣ್ಣಿಲ್ಲ, ಹಾರವಿಲ್ಲ. ಆದರೆ ಆಮೇಲೆ ಟೀ ಅಂಗಡಿಯಲ್ಲಿ ಎಂಟು ದಿನ, "ಆಚಾರಿ ಮುಂದೆ ನಿಂತ್ರು ನೋಡು, ಎಲೆ ಅಡಿಕೆ ಹಾಕ್ಕಂಡು ಉಗಿಯೋವಷ್ಟು ಹೊತ್ತು" ಎಂದು ಮಾತಾಡುತ್ತಾರೆ. ಆ ಮಾತು ನನ್ನ ಬಗ್ಗೆ ಆಗಬೇಕಿತ್ತು. ಇಷ್ಟೇ.

ಪುಷ್ಯದ ಆ ಮೊದಲ ವಾರದಲ್ಲೇ ಅತ್ತೆ ಸಂತೆಗೆ ಹೊರಟರು. "ಹೊಸಾ ಭರಣಿ ತರ್ಬೇಕು ಕಣಪ್ಪ. ಅಡುಗೆಮನೆ ಬಾಗ್ಲು ಕೀಲು ಕಿರುಗುಟ್ತದೆ, ಸರಿಮಾಡಿ ಮಡಗು" ಎಂದು ಬೀಗದ ಕೈ ಕೊಟ್ಟು ಹೋದರು. ಕೀಲಿಗೆ ಎಣ್ಣೆ ಬಿಡಲು ಐದು ನಿಮಿಷ ಸಾಕಾಯಿತು. ಆಮೇಲೂ ಸ್ಕ್ರೂಡ್ರೈವರ್ ಕೈಯಲ್ಲೇ ಇತ್ತು. ರೇಡಿಯೋದ ಹಿಂದಿನ ರಟ್ಟು ಬಿಚ್ಚಿದೆ. ಧೂಳಿನ ನಡುವೆ ಆ ಕಣ್ಣಿನ ಗಾಜು ಮಾತ್ರ ಶುಭ್ರವಾಗಿತ್ತು. ಎಳೆದರೆ ಹಲ್ಲಿನ ಹಾಗೆ ಸ್ವಲ್ಪ ತಡೆದು ಬಂತು. ಆ ಜಾಗಕ್ಕೆ ಸುಟ್ಟುಹೋದ ಒಂದು ಬಲ್ಬು ತುರುಕಿ ರಟ್ಟನ್ನು ಮೊದಲಿನಂತೆ ಮುಚ್ಚಿದೆ. ಮಾತೇ ಆಡದ ರೇಡಿಯೋ, ಮುದುಕಿಗೆ ಹುಚ್ಚು, ನಿಜದಲ್ಲಿ ಇದು ಸತ್ತೇ ಇದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದನ್ನು ಹೇಳುವ ಹಕ್ಕು ನನಗಿರಲಿಲ್ಲ.

ಮರುದಿನ ಮಧ್ಯಾಹ್ನ ಅತ್ತೆ ಬೇಲಿಯ ಹತ್ತಿರ ಬಂದು ಕೂಗಿದರು. ಹೋದೆ. ರೇಡಿಯೋವನ್ನು ಜಗಲಿಗೆ ತಂದಿಟ್ಟು ಸೆರಗಿನಿಂದ ಒರೆಸುತ್ತಿದ್ದರು.

"ಚನ್ನಿಗ, ಇವತ್ತು ಕಣ್ಣು ಬಿಡ್ನಿಲ್ಲ ಕಣೋ. ಎರಡು ಸಲ ಹಾಕಿ ನೋಡ್ದೆ, ಮೂರು ಸಲ ಹಾಕಿ ನೋಡ್ದೆ."

"ವೈರು ಲೂಸಾಗಿರ್ಬೋದು..."

"ಇಲ್ಲ ಬಿಡು, ವಯಸ್ಸಾಗಿತ್ತು. ನಾನು ಸಂತೆಗೆ ಹೋದಾಗ್ಲೇ ಹೋಗ್ಬುಟ್ಟೈತೇನೋ, ನಂಗೆ ಕಾಣ್ದಂಗೆ." ಸ್ವಲ್ಪ ಹೊತ್ತು ಅದರ ತಲೆ ಸವರಿದರು. ಆಮೇಲೆ ಎರಡೂ ಕೈಯಲ್ಲಿ ಎತ್ತಿ ಎದೆಗೊತ್ತಿಕೊಂಡು, ಎಡಗೈಯನ್ನು ಬಿಟ್ಟು, ನಡುಗುವ ಬಲಗೈಯೊಂದರಲ್ಲೇ ಆ ಭಾರದ ಪೆಟ್ಟಿಗೆಯನ್ನು ನನ್ನ ಮುಂದೆ ಚಾಚಿದರು. "ಇದ್ರ ಕೆಲಸ ಮುಗೀತು, ತಗೋ. ನೀನು ಆಸೆಪಟ್ಟಿದ್ದಲ್ಲ."

ಆಗ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ. ಆದರೆ ಬಿದ್ದುಹೋಗುತ್ತದೆಂದು ಬಲಗೈ ತಾನಾಗಿ ಮುಂದೆ ಹೋಯಿತು. ತೆಗೆದುಕೊಂಡೆ.

ಆಮೇಲಿನ ಹತ್ತೊಂಬತ್ತು ದಿನ ನನ್ನ ಬಂದೂಕಿನ ಹೊರತು ಬೇರೇನೂ ಮಾಡಲಿಲ್ಲ. ಕಣದ ಕೆಲಸ ಹೆಂಡತಿ ಮಾದೇವಿಯ ಮೇಲೆ ಬಿತ್ತು. ಹಸಿರು ಕಣ್ಣನ್ನು ನಳಿಗೆಯ ಬಾಯಿಯಲ್ಲಿ ಒಳಗೆ ಕೂರಿಸಿ, ಹಿಂದೆ ಟಾರ್ಚಿನ ಬಲ್ಬು ಇಟ್ಟು, ಸುತ್ತ ಸೈಕಲ್ಲಿನ ಹಬ್ಬು, ಸ್ಪ್ರೇಯರ್ ಮೂತಿ, ಗಡಿಯಾರದ ಚಕ್ರಗಳನ್ನು ಒಂದರ ಮೇಲೊಂದು ಏರಿಸಿದೆ. ಚೆನ್ನಾಗಿಲ್ಲವೆಂದು ಕಿತ್ತೆ, ಮತ್ತೆ ಕೂರಿಸಿದೆ. "ಎಲ್ಲಿ ಸಿಕ್ತು ಈ ಹಸಿರು ಗಾಜು?" ಎಂದು ಮಾದೇವಿ ಕೇಳಿದಳು. "ಗುಜರೀಲಿ" ಎಂದೆ. ಅವಳು ಒಂದು ಕ್ಷಣ ನನ್ನನ್ನೇ ನೋಡಿ, ಒನಕೆ ಎತ್ತಿಕೊಂಡು ಒಳಗೆ ಹೋದಳು.

ನೋಡುವವರು ಇಳಿಯುವ ದಿನ ಬೆಳಿಗ್ಗೆ ಅವಳೇ ನೆನಪು ಮಾಡಿದಳು. "ಅತ್ತೇದು ಆಯ್ತಾ?"

ಆಗಿರಲಿಲ್ಲ. ಉಳಿದ ನಾಲ್ಕೈದು ದಿನದಲ್ಲಿ ಮಿಕ್ಕ ಮನೆಗಳದ್ದನ್ನು ಹೇಗೋ ಮುಗಿಸಿದ್ದೆ, ಅತ್ತೆಯದನ್ನು ಮರೆತಿದ್ದೆ. ಚೀಲದಲ್ಲಿ ಉಳಿದದ್ದನ್ನು ಸುರಿದುಕೊಂಡೆ. ಒಂದು ತುಂಡು ಪೈಪು, ಟೂತ್‌ಪೇಸ್ಟಿನ ಮುಚ್ಚಳಗಳು, ಒಂದು ಕುಕ್ಕರಿನ ಸೀಟಿ. ಸೀಟಿಯನ್ನು ಅಡ್ಡ ಮಲಗಿಸುವ ತಾಳ್ಮೆ ಇರಲಿಲ್ಲ, ನೆಟ್ಟಗೇ ಅಂಟಿಸಿದೆ. ಬಣ್ಣ ಒಣಗುವ ಮೊದಲೇ ಒಯ್ದು ಕೊಟ್ಟೆ. ಅತ್ತೆ ಅದನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಹಗುರಾಗೈತೆ ಈ ಸಲ, ಒಳ್ಳೇದಾಯ್ತು, ಕೈ ನೋಯಲ್ಲ" ಎಂದರು. ಅವರ ಅಂಗೈಗೆಲ್ಲ ಬೆಳ್ಳಿಬಣ್ಣ ಹತ್ತಿತ್ತು.

ಕಣದಲ್ಲಿ ನಾನು, ನನ್ನ ಪಕ್ಕದಲ್ಲಿ ಅತ್ತೆ. ಬಿಸಿಲು ನೆತ್ತಿಗೆ ಬಂದಿತ್ತು. ನೋಡುವವರು ಸಾಲಿನುದ್ದಕ್ಕೂ ಬಂದರು. ಆಚಾರಿಯ ಮುಂದೆ ನಿಂತರು, ಮುಂದೆ ಬಂದರು. ನನ್ನ ಮುಂದೆ ನಿಂತರು. ನಾನು ಹಿಡಿಯ ಒಳಗಿನ ಗುಂಡಿ ಒತ್ತಿದೆ. ಹಸಿರು ಕಣ್ಣು ಬೆಳಗಿತು. ಅವರಲ್ಲಿ ಒಬ್ಬರು ಬಗ್ಗಿ ನಳಿಗೆಯೊಳಗೆ ನೋಡಿದರು, ಇನ್ನೊಬ್ಬರೂ ಬಗ್ಗಿದರು. ಎಷ್ಟು ಹೊತ್ತು ನಿಂತರೆಂದರೆ ನನ್ನ ತೋಳು ನೋಯತೊಡಗಿತು. ಸಾಲಿನಲ್ಲಿ ಪಿಸುಪಿಸು ಹಬ್ಬಿತು. ಹನ್ನೊಂದು ವರ್ಷ ಕಾದ ಹೊತ್ತು ಅದು. ಪಕ್ಕದಲ್ಲಿ ಅತ್ತೆ ಮೆಲ್ಲಗೆ, "ಭೇಷ್ ಕಣ್ಲಾ ಮಗ" ಎಂದರು. ತಮ್ಮ ರೇಡಿಯೋದ ಕಣ್ಣನ್ನು ಅವರು ಗುರುತಿಸಲಿಲ್ಲ. ಅಷ್ಟು ಚೆನ್ನಾಗಿ ಮಾಡಿದ್ದೆ.

ಆಮೇಲೆ ನೋಡುವವರು ಅತ್ತೆಯ ಕಡೆ ತಿರುಗಿದರು. ಕುಕ್ಕರಿನ ಸೀಟಿ ಕುಕ್ಕರಿನ ಸೀಟಿಯಾಗಿಯೇ ಬಿಸಿಲಿನಲ್ಲಿ ಮಿನುಗುತ್ತಿತ್ತು. ಅವರು ನಿಲ್ಲಲೇ ಇಲ್ಲ.

ಸಾಲು ಚದುರಿದ ಮೇಲೆ ಏನು ಹೋಗಿದೆ ಎಂದು ಹುಡುಕುವುದು ಸುರುವಾಯಿತು. ಎಲ್ಲರೂ ಅತ್ತೆಯ ಜಗಲಿಯ ಮುಂದೆ ಸೇರಿದರು. ವಾರಗಳ ಹೆಸರು ಹೇಳಿಸಿದರು, ಸರಿಯಾಗಿತ್ತು. ಬಣ್ಣಗಳನ್ನು ತೋರಿಸಿದರು, ಸೇವಂತಿಗೆ ಮೂಸಿಸಿದರು, ಬಿಸಿನೀರು ತಣ್ಣೀರು ಮುಟ್ಟಿಸಿದರು. ಗೌಸ್ ಸಾಬರು, "ಚಪ್ಪಲಿ ಹಾಕ್ಕೊಂಡ್ ತೋರ್ಸಿ ಹೊಂಬಾಳಮ್ಮ, ಎಡ ಬಲ ನೋಡುವ" ಎಂದು ತಮಾಷೆ ಮಾಡಿದರು. ಎಲ್ಲ ಇತ್ತು. "ಏನೂ ಹೋಗಿಲ್ಲ ಕಣ್ರೋ, ಮುದುಕಿ ಮನೇಲಿ ಏನೈತೆ ಅಂತ ಬಿಟ್ಟೋಗವ್ರೆ" ಎಂದು ಅತ್ತೆ ನಕ್ಕು, ಒಳಗೆ ಹೋಗಿ, ಅಭ್ಯಾಸಬಲದಿಂದ ಹೇರಳೆಕಾಯಿಯ ಹೋಳಿಗೆ ಬೆರಳಾಡಿಸಿ ನಾಲಗೆಗೆ ಮುಟ್ಟಿಸಿದರು. ಇನ್ನೊಮ್ಮೆ ಮುಟ್ಟಿಸಿದರು. ಉಪ್ಪಿನ ಮರಿಗೆಯಿಂದ ಒಂದು ಹರಳುಪ್ಪು ತೆಗೆದು ಬಾಯಿಗೆ ಹಾಕಿಕೊಂಡು ಚೀಪಿ, ಅಂಗೈಗೆ ಉಗಿದು ನೋಡಿದರು. ಬಾಗಿಲಲ್ಲಿದ್ದ ನಾನು ನೋಡಿದೆ.

"ಇದು ಬೆಣಚುಕಲ್ಲು ಇದ್ದಂಗದೆ ಕಣೋ" ಎಂದರು.

ಮರುದಿನದಿಂದ ಅವರ ನಾಲಗೆ ನಾನಾದೆ. ಅದು ಪಕ್ಕದ ಮನೆಯವನ ಪಾಳಿ, ಯಾರೂ ಹೇಳಬೇಕಾಗಿರಲಿಲ್ಲ. ಬೆಳಿಗ್ಗೆ ಹೋಗಿ ಸಾರು ಸವಿದು ಹೇಳುತ್ತಿದ್ದೆ. ಉಪ್ಪಿನಕಾಯಿಗೆ ಹೋಳು ಕಲಸಿದ ದಿನ ಪಕ್ಕದಲ್ಲೇ ಕುಳಿತಿರುತ್ತಿದ್ದೆ. ಬೆರಳ ತುದಿಯಲ್ಲಿ ರಸ ತೆಗೆದು ಅವರು ನನ್ನ ಅಂಗೈಗೆ ಹಾಕುವರು, ನಾನು ನೆಕ್ಕಿ, "ಇನ್ನೊಂದು ಚಿಟಿಕೆ" ಎನ್ನುವೆ. ಅವರು ಹಾಕುವರು. "ಎಷ್ಟು ನಿಧಾನಸ್ಥ ನೋಡು ನಮ್ ಚನ್ನಿಗ" ಎಂದು ಬಂದ ಹೆಂಗಸರ ಮುಂದೆ ಹೊಗಳುವರು. "ನೋಡುವವ್ರು ಅಷ್ಟೊತ್ತು ನಿಂತ್ರು ಇವನ ಮುಂದೆ. ಅಂಥೋನು ದಿನಾ ಬಂದು ನನ್ನ ಮೆಣಸಿನ ಸಾರು ನೆಕ್ತಾನೆ." ಟೀ ಅಂಗಡಿಯಲ್ಲಿ ನನ್ನ ಮಾತೇ ನಡೆದಿತ್ತು. ನಾನು ಟೀ ಅಂಗಡಿಗೆ ಹೋಗುವುದನ್ನು ಬಿಟ್ಟೆ.

ಚೈತ್ರ ಬಂತು. ಮಾವಿನಕಾಯಿಯೆಂದರೆ ಅತ್ತೆಗೆ ವರ್ಷದ ದುಡಿಮೆ. ಇಡೀ ಊರಿನ ಭರಣಿಗಳು ಅವರ ನಡುಮನೆಯಲ್ಲಿ ಸಾಲಾಗಿ ಕುಳಿತಿದ್ದವು. ದೊಡ್ಡ ಹರಿವಾಣದಲ್ಲಿ ಹೋಳು, ಹುರಿದ ಮೆಂತ್ಯ, ಸಾಸಿವೆ, ಖಾರ. ಅತ್ತೆ ನನ್ನ ಅಂಗೈಗೆ ರಸ ಹಾಕಿದರು.

"ಸರಿಯಾಗಿ ನೋಡಪ್ಪ. ಇದೊಂದು ಕೆಟ್ರೆ ಮುಂದಿನ್ ವರ್ಷ ಯಾರೂ ಭರಣಿ ಕಳ್ಸಲ್ಲ. ಹೋಗ್ಲಿ ನನಗೇನು ಭಯ, ನಿನ್ ನಾಲ್ಗೆ ಮೇಲೆ ನಂಬಿಕೆ ಐತೆ ನಂಗೆ."

ನೆಕ್ಕಿದೆ. ಉಪ್ಪು ಇದೆಯೋ ಇಲ್ಲವೋ ನನಗೂ ತಿಳಿಯಲಿಲ್ಲ.

"ಅತ್ತೆ, ಒಂದು ಮಾತೈತೆ."

"ಜಾಸ್ತಿಯಾಯ್ತಾ?"

"ಉಪ್ಪಿನ ಮಾತಲ್ಲ." ಜೇಬಿನಿಂದ ಹಸಿರು ಕಣ್ಣನ್ನು ತೆಗೆದು ಮೊರದ ಮೇಲಿಟ್ಟೆ. ಬಂದೂಕು ಬಿಚ್ಚಿದಾಗಿನಿಂದ ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಇಟ್ಟುಕೊಂಡೇ ತಿರುಗುತ್ತಿದ್ದೆ. "ಇದು ನಿನ್ ರೇಡಿಯೋದ್ದು. ಅದು ತಾನಾಗಿ ಮುಗೀಲಿಲ್ಲ. ನೀನು ಸಂತೆಗೆ ಹೋದ ದಿನ ನಾನೇ ಕಿತ್ಕಂಡೆ."

ಅತ್ತೆ ಅದನ್ನು ಮುಟ್ಟಲಿಲ್ಲ. ಖಾರದ ಕೈಯನ್ನು ಹರಿವಾಣದ ಅಂಚಿಗೆ ಒರೆಸಿಕೊಂಡರು.

"ಮತ್ತೆ ನಾನು ಮುಗೀತು ಅಂತ ಎತ್ತಿ ಕೊಟ್ನಲ್ಲ, ಆವಾಗ?"

"ಇಸ್ಕಂಡೆ."

"ಬಲಗೈಲಿ?"

"ಬಲಗೈಲೇ."

ಬೈಯುತ್ತಾರೆಂದು ಕಾದೆ. ಬೈದರೆ ಕಾಲು ಹಿಡಿಯುವುದೆಂದು ಮನೆಯಿಂದಲೇ ತೀರ್ಮಾನ ಮಾಡಿಕೊಂಡು ಬಂದಿದ್ದೆ. ಅವರು ಹೋಳುಗಳನ್ನು ಒಂದು ಸುತ್ತು ತಿರುವಿದರು.

"ಹೋಗ್ಲಿ ಬಿಡು. ಆಸೆ ಬಿದ್ದಿದ್ದೆ, ಕಿತ್ಕಂಡೆ. ನಾನೂ ಇನ್ನೆಷ್ಟು ದಿನ ಅದನ್ನ ನೋಡ್ಕಂಡ್ ಕೂತಿರ್ತಿದ್ದೆ." ಆಮೇಲೆ ಕೈ ನಿಲ್ಲಿಸಿ ಕೇಳಿದರು: "ನಿಂದು ಮಾಡಕ್ಕೆ ಎಷ್ಟು ದಿನ ಹಿಡೀತು?"

"ಹತ್ತೊಂಬತ್ತು."

"ನಂದು?"

ಈ ಪ್ರಶ್ನೆ ಬರುತ್ತದೆಂದು ನಾನು ಎಣಿಸಿರಲಿಲ್ಲ. ಕದ್ದದ್ದಕ್ಕೆ ಮಾತ್ರ ಉತ್ತರಗಳನ್ನು ಕೂಡಿಸಿಕೊಂಡು ಬಂದಿದ್ದೆ. ಎರಡು ದಿನ ಎಂಬ ಸುಳ್ಳು ನಾಲಗೆಯ ತುದಿಗೆ ಬಂತು.

"ಅರ್ಧ ಗಂಟೆ" ಎಂದೆ.

"ಅರ್ಧ ಗಂಟೆ."

"ಅವತ್ತು ಬೆಳಿಗ್ಗೆ. ಮಾದೇವಿ ನೆಪ್ಪು ಮಾಡಿದ್ಮೇಲೆ."

ಅತ್ತೆ ತಲೆಯಾಡಿಸಿದರು, ಲೆಕ್ಕ ಸರಿಹೋಯಿತು ಎನ್ನುವವರಂತೆ. ಹೊರಗೆ ಯಾರೋ ಕರುವನ್ನು ಅಟ್ಟಿಕೊಂಡು ಹೋದರು. ನಾನು ಅವರ ಕಾಲಿನ ಕಡೆ ಬಗ್ಗಿದೆ. ಅವರು ಕಾಲನ್ನು ಸೀರೆಯೊಳಕ್ಕೆ ಎಳೆದುಕೊಂಡರು.

"ಎದ್ದೇಳು ಚನ್ನಿಗ. ನಾಳಿಂದ ಬರ್ಬೇಡ."

"ವರ್ಷ ತುಂಬೋವರ್ಗೂ ಬಂದು ನೋಡಿ ಹೇಳ್ತೀನಿ ಅತ್ತೆ. ಅಷ್ಟಾದ್ರೂ..."

"ಬೇಡ. ನೀನು ಸಾಕು ಅಂದ್ರೆ ಸಾಕಾ, ಬೇಕು ಅಂದ್ರೆ ಬೇಕಾ ಅಂತ ಇನ್ಮೇಲೆ ನಾನು ಯೋಚ್ನೆ ಮಾಡ್ಬೇಕಾಯ್ತದೆ. ಅದರ ಬದ್ಲು ಯಾರೋ ದಾರೀಲಿ ಹೋಗೋರನ್ನ ಕೇಳ್ತೀನಿ. ಅವ್ರಿಗೆ ನನ್ನಿಂದ ಆಗ್ಬೇಕಾದ್ದೇನೂ ಇರಲ್ಲ."

ಮೊರದ ಮೇಲಿದ್ದ ಕಣ್ಣನ್ನು ನನ್ನ ಕಡೆಗೆ ದೂಡಲೂ ಇಲ್ಲ, ತಾವು ಎತ್ತಿಕೊಳ್ಳಲೂ ಇಲ್ಲ. ನಾನು ಎದ್ದು ಬಂದೆ. ಮನೆಯಲ್ಲಿ ಮಾದೇವಿಗೆ ಎಲ್ಲವನ್ನೂ ಹೇಳಿದೆ. ಅವಳು, "ಅವತ್ತೇ ಅನ್ಕಂಡೆ ಗುಜರೀದಲ್ಲ ಅಂತ" ಎಂದಷ್ಟೇ ಹೇಳಿ ಮುದ್ದೆ ತಿರುವಲು ಕುಳಿತಳು.

ಅತ್ತೆ ಹೇಳಿದಂತೆಯೇ ಮಾಡಿದರು. ಈಗ ಜ್ಯೇಷ್ಠ. ದಿನಾ ಬೆಳಿಗ್ಗೆ ಒಂದು ಬಟ್ಟಲು ಹಿಡಿದು ಜಗಲಿಯಲ್ಲಿ ಕುಳಿತಿರುತ್ತಾರೆ. "ಅವ್ವಾ, ಒಂಚೂರು ಬಾಯಿಗೆ ಹಾಕ್ಕಂಡು ಹೇಳು, ಉಪ್ಪು ಸಾಕಾ?" ಎಂದು ಹೋಗುವವರನ್ನು ಕರೆಯುತ್ತಾರೆ. ನೀರಿಗೆ ಹೋಗುವ ಹೆಂಗಸರು, ಬಸ್ಸಿನ ಕಂಡಕ್ಟರು, ಪಾತ್ರೆ ಕಲಾಯಿಯವನು, ಎಲ್ಲರೂ ನಿಂತು ಹೇಳಿ ಹೋಗುತ್ತಾರೆ. ಒಬ್ಬರು ಸಾಕು ಎನ್ನುತ್ತಾರೆ, ಇನ್ನೊಬ್ಬರು ಇನ್ನಷ್ಟು ಎನ್ನುತ್ತಾರೆ. ಈ ವರ್ಷ ಊರಿನ ಒಂದೊಂದು ಭರಣಿಯದು ಒಂದೊಂದು ರುಚಿಯಂತೆ. ಎರಡು ಮನೆಯವರು ಬೂಷ್ಟು ಹಿಡಿಯಿತೆಂದು ತಿಪ್ಪೆಗೆ ಸುರಿದರಂತೆ.

ಪಂಪ್‌ಸೆಟ್ಟಿನ ಕೆಲಸಕ್ಕೆ ತೋಟಗಳ ಕಡೆ ಹೋಗಲು ನನಗೆ ಕೆರೆ ಏರಿಯ ದಾರಿಯೂ ಇದೆ. ಆದರೆ ನಾನು ಅತ್ತೆಯ ಮನೆಯ ಮುಂದೆಯೇ ಹೋಗುತ್ತೇನೆ. ಜಗಲಿ ಹತ್ತಿರ ಬಂದಾಗ ನಡಿಗೆ ನಿಧಾನವಾಗುತ್ತದೆ. ಒಂದೆರಡು ಸಲ ಚಪ್ಪಲಿ ಸರಿಮಾಡಿಕೊಳ್ಳುವ ನೆವ ಮಾಡಿ ನಿಂತದ್ದೂ ಉಂಟು. ಅತ್ತೆ ಬಟ್ಟಲಿನ ಮೇಲೆ ತಟ್ಟೆ ಮುಚ್ಚಿ, ಬೀದಿಯ ಆ ತುದಿಯನ್ನು ನೋಡುತ್ತಾ ಕಾಯುತ್ತಾರೆ. ಮುಖದಲ್ಲಿ ಸಿಟ್ಟಿಲ್ಲ. ನಾನು ನಾಲ್ಕು ಹೆಜ್ಜೆ ದಾಟಿದ ಮೇಲೆ ಹಿಂದಿನಿಂದ ತಟ್ಟೆ ತೆಗೆಯುವ ಸದ್ದು ಕೇಳಿಸುತ್ತದೆ. ಆಮೇಲೆ ಅತ್ತೆ ನನ್ನ ಹಿಂದೆ ಬರುತ್ತಿರುವವರನ್ನು, ಅವರು ಯಾರೇ ಆಗಿರಲಿ, ಬಾ ಎಂದು ಕರೆಯುತ್ತಾರೆ.